ಆತ್ಮವನ್ನು ತಕ್ಕಡಿಗೆ ಹಾಕಬೇಕಾ?

ಆತ್ಮೀಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಭೌತಶಾಸ್ತ್ರ ಓದುತ್ತಿರುವ ಮಗನಿಗೆ ನೀವು ಒಂದು ವಿಡಿಯೋ ಕಳಿಸಿದಿರಿ. ಪ್ರಾಣ ಹೋದಾಗ ದೇಹದ ತೂಕ 21 ಗ್ರಾಂ ಇಳಿಯುತ್ತದೆ, ಅದೇ ಆತ್ಮದ ತೂಕ, ಕ್ವಾಂಟಂ ವಿಜ್ಞಾನವೂ ಇದನ್ನೇ ಹೇಳುತ್ತದೆ ಅಂತ ಅದರಲ್ಲಿತ್ತು. ಅವನು ನಕ್ಕುಬಿಟ್ಟ. "ಅಪ್ಪಾ, ಅಳೆಯೋಕೆ ಆಗದ್ದು ಇಲ್ಲ ಅಂತಲೇ ಲೆಕ್ಕ" ಅಂದ. ಈಗ ಮನೆಯಲ್ಲಿ ಪ್ರಾರ್ಥನೆಗೆ ಕೂತರೆ ಎದ್ದು ಹೋಗುತ್ತಾನೆ. "ಆತ್ಮದ ವಿಷಯದಲ್ಲಿ ವಿಜ್ಞಾನ ನಮ್ಮ ನಂಬಿಕೆಯನ್ನು ಒಪ್ಪುತ್ತದೆ ಅನ್ನುವುದಕ್ಕೆ ಒಂದಾದರೂ ಗಟ್ಟಿ ಪುರಾವೆ ಕೊಡಿ, ಅವನ ಮುಂದಿಡುತ್ತೇನೆ" ಅಂತ ಕೇಳಿದ್ದೀರಿ.

ಅಂಥ ಪುರಾವೆ ನನ್ನ ಹತ್ತಿರ ಇಲ್ಲ. ಇದ್ದಿದ್ದರೂ ಕೊಡಲು ಹಿಂಜರಿಯುತ್ತಿದ್ದೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಆ 21 ಗ್ರಾಂ. ಅದು 1907ರಲ್ಲಿ ಪ್ರಕಟವಾದ ಲೆಕ್ಕ. ಡಂಕನ್ ಮೆಕ್‌ಡೂಗಲ್ ಅನ್ನುವ ಅಮೆರಿಕದ ವೈದ್ಯರು ಒಂದು ದೊಡ್ಡ ತಕ್ಕಡಿಯ ಮೇಲೆ ಹಾಸಿಗೆ ಹಾಕಿಸಿ, ಸಾಯುವ ಹಂತದಲ್ಲಿದ್ದ ರೋಗಿಗಳನ್ನು ಅದರ ಮೇಲೆ ಮಲಗಿಸಿ, ಕೊನೆಯುಸಿರಿನ ತನಕ ಮುಳ್ಳನ್ನೇ ನೋಡುತ್ತಾ ಕೂತರು. ಒಟ್ಟು ಆರು ಜನ. ಅದರಲ್ಲಿ ಇಬ್ಬರ ಲೆಕ್ಕವನ್ನು ಅವರೇ ಕೈಬಿಟ್ಟರು. ಆ 21 ಗ್ರಾಂ ಬಂದಿದ್ದು ಮೊದಲನೇ ರೋಗಿಯಲ್ಲಿ ಮಾತ್ರ, ಉಳಿದವರದ್ದು ಒಂದಕ್ಕೊಂದು ತಾಳೆಯಾಗಲಿಲ್ಲ. ಇದನ್ನು ನೋಡಿ ನಿಮ್ಮ ಮಗ ನಕ್ಕಿದ್ದರಲ್ಲಿ ತಪ್ಪೇನೂ ಇಲ್ಲ.

ಆದರೆ ನನಗೆ ಅದಕ್ಕಿಂತ ಜಾಸ್ತಿ ಕಾಡುವುದು ಬೇರೆ. ತಕ್ಕಡಿ ಆರೂ ಸಲ ಸರಿಯಾಗಿ 21 ಗ್ರಾಂ ತೋರಿಸಿದ್ದರೆ ನಮ್ಮ ಕೈಗೆ ಸಿಗುತ್ತಿದ್ದದ್ದೇನು? ತೂಕ ಇರುವ ಇನ್ನೊಂದು ವಸ್ತು, ಅಷ್ಟೇ ಅಲ್ವಾ? ಬೈಬಲ್ ಅದರ ಬಗ್ಗೆ ಮಾತಾಡುತ್ತಲೇ ಇಲ್ಲ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಗಾಳಿಗೂ ಉಸಿರಿಗೂ ಆತ್ಮಕ್ಕೂ ಒಂದೇ ಮಾತು, 'ರೂಆಹ್'. ರಾತ್ರಿ ಹೊತ್ತು ಕದ್ದು ಬಂದ ನಿಕೊದೇಮನಿಗೆ ಯೇಸು ಹೇಳಿದ್ದೂ ಇದನ್ನೇ: ಗಾಳಿ ತನಗೆ ಇಷ್ಟ ಬಂದ ಕಡೆ ಬೀಸುತ್ತದೆ, ಅದರ ಸದ್ದು ನಿನಗೆ ಕೇಳಿಸುತ್ತದೆ, ಎಲ್ಲಿಂದ ಬಂತು ಎಲ್ಲಿಗೆ ಹೋಯಿತು ನಿನಗೆ ಗೊತ್ತಾಗುವುದಿಲ್ಲ.

ಕ್ವಾಂಟಂ ವಿಷಯ ಬಿಡಿ. ಅದನ್ನು ಅರ್ಥ ಮಾಡಿಕೊಳ್ಳದವರು ಅದರಿಂದ ಏನನ್ನು ಬೇಕಾದರೂ ಸಾಧಿಸಿಬಿಡುತ್ತಾರೆ. ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೂ ದೂರದರ್ಶಕಕ್ಕೂ ಕಾಣದ ವಸ್ತುವಿನ ಬಗ್ಗೆಯೂ ಕೇಳಿದ್ದೀರಿ. ನಮಗೆ ಗೊತ್ತಿರುವ ಮಾಮೂಲಿ ವಸ್ತು ವಿಶ್ವದಲ್ಲಿ ಸುಮಾರು 5 ಪರ್ಸೆಂಟ್, 27ರಷ್ಟು ಡಾರ್ಕ್ ಮ್ಯಾಟರ್, ಉಳಿದ 68ರಷ್ಟು ಡಾರ್ಕ್ ಎನರ್ಜಿ ಅಂತ ವಿಜ್ಞಾನಿಗಳ ಅಂದಾಜು. ಹಾಗಾದರೆ ದೇವದೂತರೆಲ್ಲ ಆ 95ರಲ್ಲಿ ಇರಬಹುದಾ? ಇಲ್ಲ. ಅದೂ ಭೌತಿಕವೇ. ಡಾರ್ಕ್ ಮ್ಯಾಟರ್ ಇದೆ ಅಂತ ಗೊತ್ತಾಗಿದ್ದೇ ಅದರ ಗುರುತ್ವದಿಂದ, ಅದು ನಕ್ಷತ್ರಗಳನ್ನು ಎಳೆಯುವ, ಬೆಳಕನ್ನು ಬಾಗಿಸುವ ಲೆಕ್ಕದಿಂದ.

ಇಲ್ಲಿ ನಿಮಗೆ ಒಬ್ಬರನ್ನು ಪರಿಚಯ ಮಾಡಿಸಬೇಕು. ಜಾರ್ಜ್ ಲೆಮೆತ್ರ್, ಬೆಲ್ಜಿಯಂ ದೇಶದವರು. 1923ರಲ್ಲಿ ಪಾದ್ರಿಯಾದರು. 1927ರಲ್ಲಿ ವಿಶ್ವ ಹಿಗ್ಗುತ್ತಿದೆ ಅಂತ ಲೆಕ್ಕ ಹಾಕಿ ಬರೆದರು. ನಿಮ್ಮ ಲೆಕ್ಕ ಸರಿ, ಆದರೆ ಭೌತಶಾಸ್ತ್ರ ಅಸಹ್ಯ ಅಂತ ಸ್ವತಃ ಐನ್‌ಸ್ಟೈನ್ ಅವರ ಮುಖಕ್ಕೇ ಹೇಳಿದರಂತೆ. ಪಾದ್ರಿ ಸುಮ್ಮನಾಗಲಿಲ್ಲ. 1931ರಲ್ಲಿ ಇನ್ನೂ ಮುಂದೆ ಹೋಗಿ, ಇಡೀ ವಿಶ್ವ ಒಂದು ಆದಿಮ ಅಣುವಿನಿಂದ ಶುರುವಾಯಿತು ಅಂದರು. ಇವತ್ತು ನಾವು ಮಹಾಸ್ಫೋಟ ಅನ್ನುವ ವಿಚಾರದ ಬೇರು ಅಲ್ಲಿದೆ. ಪಾದ್ರಿ ಆದಿಕಾಂಡವನ್ನು ವಿಜ್ಞಾನದೊಳಗೆ ತೂರಿಸುತ್ತಿದ್ದಾರೆ ಅಂತ ಎಷ್ಟೋ ಜನಕ್ಕೆ ಗುಮಾನಿ ಇತ್ತು.

1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ವಿಜ್ಞಾನಿಗಳ ಮುಂದೆ ಒಂದು ಭಾಷಣ ಮಾಡಿದರು. ವಿಶ್ವಕ್ಕೆ ಒಂದು ಆರಂಭ ಇದೆ ಅಂತ ವಿಜ್ಞಾನವೇ ಈಗ ಸಾಕ್ಷಿ ಹೇಳುತ್ತಿದೆ, ಹಾಗಾಗಿ ಸೃಷ್ಟಿಕರ್ತ ಇದ್ದಾನೆ ಅನ್ನುವ ಧಾಟಿ. ನೀವು ನನ್ನಿಂದ ಕೇಳಿದ್ದೂ ಅದೇ ಪುರಾವೆ, ಅದೂ ಪೋಪ್ ಬಾಯಿಂದಲೇ ಬಂದಿತ್ತು. ಲೆಮೆತ್ರ್ ಕುಣಿದಾಡಬೇಕಿತ್ತು ಅಲ್ವಾ? ಅವರಿಗೆ ಕಸಿವಿಸಿಯಾಯಿತು. ಮುಂದಿನ ವರ್ಷ ಪೋಪ್ ಖಗೋಳ ವಿಜ್ಞಾನಿಗಳ ಸಭೆಯಲ್ಲಿ ಮಾತಾಡುವ ಮೊದಲು, ಹಾಗೆ ಹೇಳಬೇಡಿ ಅಂತ ರೋಮ್‌ಗೆ ಮನವರಿಕೆ ಮಾಡಿಸಿದರು. ಪೋಪ್ ಆ ಮಾತನ್ನು ಮತ್ತೆ ಎತ್ತಲಿಲ್ಲ. ತನ್ನ ಸಿದ್ಧಾಂತ ದೇವರಿದ್ದಾನೋ ಇಲ್ಲವೋ ಅನ್ನುವ ಪ್ರಶ್ನೆಯಿಂದ ಪೂರ್ತಿ ಹೊರಗಿದೆ ಅನ್ನುವುದು ಲೆಮೆತ್ರ್ ನಿಲುವು. ಅವರು ನೆನೆಯುತ್ತಿದ್ದದ್ದು ಯೆಶಾಯನ ಪುಸ್ತಕದಲ್ಲಿ ಬರುವ, ಮರೆಯಾಗಿರುವ ದೇವರನ್ನು. ಸೃಷ್ಟಿಯ ಮೊದಲ ಕ್ಷಣದಲ್ಲೂ ಮರೆಯಾಗಿಯೇ ಇರುವ ದೇವರು.

ಇದನ್ನು ಓದಿದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ. ಬೆಳಿಗ್ಗೆ ಪೂಜೆ ನಡೆಸುವ, ಆಮೇಲೆ ಕರಿಹಲಗೆ ಮುಂದೆ ನಿಂತು ಸಮೀಕರಣ ಬರೆಯುವ ಮನುಷ್ಯ. ಎರಡರಲ್ಲೂ ಸುಳ್ಳು ಬೆರೆಸಲಿಲ್ಲ. ಲೆಕ್ಕ ನಾಳೆ ತಪ್ಪಾದರೆ ದೇವರೂ ತಪ್ಪಾಗಬೇಕಾ? 1966ರಲ್ಲಿ ಸಾಯುವ ಸ್ವಲ್ಪ ಮುಂಚೆ, ವಿಶ್ವದ ಆರಂಭದ ಕಾಲದ ವಿಕಿರಣ ಸಿಕ್ಕಿದೆ ಅನ್ನುವ ಸುದ್ದಿ ಅವರಿಗೆ ತಲುಪಿತು. ಲೆಕ್ಕ ಗೆದ್ದಿತ್ತು. ಅದನ್ನೂ ಅವರು ದೇವರ ಖಾತೆಗೆ ಬರೆದುಕೊಂಡಿರಲಿಲ್ಲ.

ಇಷ್ಟು ಹೇಳಿದ ಮೇಲೆ ನಮಗೆ ಕಹಿ ಅನಿಸುವ ಒಂದು ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಹೃದಯದ ಬೈಪಾಸ್ ಆಪರೇಷನ್ ಆದ 1,802 ಜನರನ್ನು ನೋಡಿದರು. ಕೆಲವರಿಗಾಗಿ ಗುರುತಿಲ್ಲದವರು ಪ್ರಾರ್ಥಿಸಿದರು, ಕೆಲವರಿಗಾಗಿ ಇಲ್ಲ. ವ್ಯತ್ಯಾಸ ಕಾಣಲಿಲ್ಲ. 'ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಾರೆ' ಅಂತ ಮೊದಲೇ ತಿಳಿದಿದ್ದವರಲ್ಲಿ ತೊಂದರೆಗಳು ಸ್ವಲ್ಪ ಜಾಸ್ತಿಯೇ ಇದ್ದವು. ಮಗ ಇದನ್ನು ತೆಗೆದರೆ ಜಗಳಕ್ಕೆ ಹೋಗಬೇಡಿ, ನಿಜ ಅಂತ ಒಪ್ಪಿಕೊಳ್ಳಿ. ನಾನು ಪ್ರಾರ್ಥನೆ ಬಿಟ್ಟಿಲ್ಲ. ನಿನ್ನ ದೇವರನ್ನು ಪರೀಕ್ಷೆ ಮಾಡಬೇಡ ಅಂತ ಸೈತಾನನಿಗೆ ಉತ್ತರ ಕೊಟ್ಟ ಯೇಸುವಿನಲ್ಲಿ ನನ್ನ ನಂಬಿಕೆ ಇರುವುದು. ಗುಂಡಿ ಒತ್ತಿದರೆ ಬೀಳುವ ಫಲವನ್ನು ನಾನು ಪ್ರಾರ್ಥನೆ ಅಂದುಕೊಂಡಿಲ್ಲ.

ನನ್ನ ತಾಯಿ ಹೋದ ರಾತ್ರಿ ಹಾಸಿಗೆಯ ಪಕ್ಕದಲ್ಲಿ ಮಾನಿಟರ್ ಇತ್ತು. ನಾಡಿ, ಬಿಪಿ, ಆಕ್ಸಿಜನ್. ಸಂಖ್ಯೆಗಳು ಒಂದೊಂದಾಗಿ ಇಳಿಯುವುದನ್ನು ನೋಡುತ್ತಿದ್ದೆ, ಅಮ್ಮನ ಮುಖಕ್ಕಿಂತ ಅದನ್ನೇ ಜಾಸ್ತಿ ನೋಡಿದೆ ಅನ್ನುವ ನೋವು ಇವತ್ತಿಗೂ ಇದೆ. ಗೆರೆ ಮಲಗಿತು. ವರ್ಷಗಟ್ಟಲೆ ಆ ಗೆರೆಗಳನ್ನು ನೋಡಿದ ನರ್ಸ್ ಮಷಿನ್ ಆಫ್ ಮಾಡಿ, ಅಮ್ಮನ ಕೈಯನ್ನು ಹೊದಿಕೆಯೊಳಗೆ ಇಟ್ಟು, ಮೆತ್ತಗೆ "ಅಮ್ಮ ಹೋದ್ರು" ಅಂದರು. ಆಮೇಲೆ ಫಾರ್ಮ್‌ನಲ್ಲಿ ಬರೆದದ್ದು 'ಹೃದಯ ಸ್ತಂಭನ' ಅಂತ. ಫಾರ್ಮ್‌ನಲ್ಲಿದ್ದದ್ದೂ ನಿಜ. 'ಹೋದ್ರು' ಅನ್ನುವುದು ಬರೀ ಭಾಷೆಯ ರೂಢಿ ಅಂತ ನಿಮ್ಮ ಮಗ ಹೇಳಬಹುದು, ಅದನ್ನು ಸುಳ್ಳು ಅಂತ ಸಾಧಿಸಲು ನನ್ನಿಂದ ಆಗುವುದಿಲ್ಲ. ಆದರೆ ಆ ಕೋಣೆಯಲ್ಲಿ ನಿಂತಿದ್ದಾಗ ನನಗೆ ಒಂದು ಯಂತ್ರ ಕೆಟ್ಟಂತೆ ಅನಿಸಲಿಲ್ಲ. ಒಬ್ಬರು ಹೋಗಿದ್ದರು.

ನಿಮ್ಮ ಮಗನ ಮಾತನ್ನೂ ಸ್ವಲ್ಪ ನೋಡೋಣ. ಅಳೆಯಲು ಆಗದ್ದು ಇಲ್ಲ ಅನ್ನುವ ಮಾತನ್ನು ಯಾವ ಅಳತೆಗೋಲಿನಲ್ಲಿ ಅಳೆದ? ಅದು ಪ್ರಯೋಗಶಾಲೆಯಲ್ಲಿ ಸಿಕ್ಕ ಫಲಿತಾಂಶ ಅಲ್ಲ, ಅವನ ನಂಬಿಕೆ. ಲೆಕ್ಕ ತಿದ್ದಬಾರದು, ಬಂದ ಅಳತೆಯನ್ನು ಬಂದ ಹಾಗೇ ಬರೆಯಬೇಕು ಅನ್ನುವ ಪ್ರಾಮಾಣಿಕತೆ ಅವನಲ್ಲಿ ಇದೆಯಲ್ಲ, ಅದಕ್ಕೆ ಎಷ್ಟು ಗ್ರಾಂ? ವಿಜ್ಞಾನ ನಡೆಯುತ್ತಿರುವುದೇ ಅದರ ಮೇಲೆ. ನನಗೆ ಕಾಣುವ ಒಪ್ಪಂದ ಇಲ್ಲಿದೆ. ಸತ್ಯಕ್ಕೆ ತಲೆಬಾಗಬೇಕು ಅಂತ ಇಬ್ಬರಿಗೂ ಅನಿಸುತ್ತದೆ, ಅದು ಯಾರ ಮುಂದೆ ಅಂತ ನಾನು ಹೆಸರು ಹೇಳುತ್ತೇನೆ, ಅವನು ಸದ್ಯಕ್ಕೆ ಹೇಳುವುದಿಲ್ಲ. ವಿದ್ಯುತ್ತು ಮತ್ತು ಕಾಂತದ ಸಮೀಕರಣಗಳನ್ನು ಕೊಟ್ಟ ಮ್ಯಾಕ್ಸ್‌ವೆಲ್ ಮುಂದೆ ನಿಂತು ಕಟ್ಟಿಸಿದ, ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಹಳೆಯ ಕ್ಯಾವೆಂಡಿಶ್ ಪ್ರಯೋಗಶಾಲೆಯ ಬಾಗಿಲಲ್ಲಿ 111ನೇ ಕೀರ್ತನೆಯ ಸಾಲು ಕೆತ್ತಿದೆ: ಕರ್ತನ ಕೆಲಸಗಳು ದೊಡ್ಡವು, ಅದರಲ್ಲಿ ಖುಷಿ ಪಡುವವರು ಅವನ್ನು ಹುಡುಕಿ ನೋಡುತ್ತಾರೆ.

ಎಲ್ಲ ಕಡೆ ಹೀಗೆ ಸಲೀಸಾಗಿ ಹೊಂದುತ್ತದೆ ಅಂತ ನಾನು ಹೇಳುತ್ತಿಲ್ಲ. ಕ್ರಿಸ್ತ ಎದ್ದು ಬರದಿದ್ದರೆ ನಮ್ಮ ನಂಬಿಕೆ ವ್ಯರ್ಥ ಅಂತ ಪೌಲನೇ ಬರೆದಿದ್ದಾನೆ. ಸತ್ತವರು ಏಳುವುದಿಲ್ಲ ಅಂತ ಸಮಾಧಿಗೆ ಹೋದ ಹೆಂಗಸರಿಗೂ ಗೊತ್ತಿತ್ತು, ಹೆಣಕ್ಕೆ ಹಚ್ಚಲು ಸುಗಂಧ ಹಿಡಿದುಕೊಂಡೇ ಹೋಗಿದ್ದರು. ಗಾಯ ಮುಟ್ಟಿ ನೋಡದೆ ನಂಬಲ್ಲ ಅಂದ ತೋಮನನ್ನು ಯಾರೂ ಕೋಣೆಯಿಂದ ಆಚೆ ಹಾಕಲಿಲ್ಲ. ಎಂಟು ದಿನ ಆ ಅನುಮಾನ ಇಟ್ಟುಕೊಂಡೇ ಅವನು ಉಳಿದವರ ಜೊತೆ ಇದ್ದ.

ಹಾಗಾಗಿ ವಿಡಿಯೋ ಕಳಿಸುವುದನ್ನು ನಿಲ್ಲಿಸಿ. ಮಗ ಈಗ ಏನು ಓದುತ್ತಿದ್ದಾನೆ, ಯಾವ ಲೆಕ್ಕದ ಹತ್ತಿರ ಸಿಕ್ಕಿಕೊಂಡಿದ್ದಾನೆ ಅಂತ ಕೇಳಿ, ಅರ್ಥವಾಗದಿದ್ದರೆ ಇನ್ನೊಂದು ಸಲ ಹೇಳು ಅನ್ನಿ. ಪ್ರಾರ್ಥನೆಯ ಹೊತ್ತಿಗೆ ಎದ್ದು ಹೋದರೆ ಹೋಗಲಿ, ಅವನ ಜಾಗ ಖಾಲಿ ಇಟ್ಟುಕೊಂಡು ಕೂತಿರಿ. ಅವನು ಏನಂದ ಅಂತ ನನಗೆ ಬರೆಯಿರಿ. ಅವನೇ ಬರೆದರೆ ಇನ್ನೂ ಸಂತೋಷ, ಪೂರ್ತಿ ಪುಟ ಬಿಟ್ಟುಕೊಡುತ್ತೇನೆ.

ನಿಮ್ಮ
ಸಂಪಾದಕ