ಏರು ಹತ್ತುವಾಗ ‘ಟಕ್ ಟಕ್’: ಎಂಜಿನ್ ಬಿಚ್ಚುವ ಮುನ್ನ ಇದನ್ನು ನೋಡಿ

ಪ್ರಶ್ನೆ: ನನ್ನದು 2012ರ ಮಾಡೆಲ್, 2.2 ಲೀಟರ್ ಕಾಮನ್‌ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವ) ಡೀಸೆಲ್ ಎಸ್‌ಯುವಿ. 1.80 ಲಕ್ಷ ಕಿ.ಮೀ. ಓಡಿದೆ. ಎರಡು ತಿಂಗಳಿಂದ ಆಕ್ಸಿಲರೇಟರ್ ತುಳಿದಾಗ ಬಾನೆಟ್ ಒಳಗಿಂದ ‘ಟಕ್ ಟಕ್’ ಸದ್ದು ಬರುತ್ತಿದೆ. ಶಿರಾಡಿ ಘಾಟಿ ಏರುವಾಗ ಜೋರು, ಕಾಲು ತೆಗೆದರೆ ಇಲ್ಲ. ನಿಂತಲ್ಲೇ ರೇಸ್ ಮಾಡಿದರೆ ಅಷ್ಟಾಗಿ ಕೇಳುವುದಿಲ್ಲ. ಒಮ್ಮೊಮ್ಮೆ ಎ.ಸಿ. ಗಾಳಿಯಲ್ಲಿ ಹೊಗೆಯ ವಾಸನೆ. ಒಬ್ಬ ಮೆಕ್ಯಾನಿಕ್ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಎಂದರು, ಇನ್ನೊಬ್ಬರು ಬೋರ್ ಕೆಲಸ (ಎಂಜಿನ್ ಬಿಚ್ಚಿ ಸಿಲಿಂಡರ್ ಕೊರೆಯುವುದು) ಎಂದರು. ಯಾರ ಮಾತು ಕೇಳಲಿ?
– ಓದುಗರು, ಸಕಲೇಶಪುರ

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಟ್ಯಾಪೆಟ್ ಸದ್ದು ಎಂಜಿನ್ ವೇಗದ ಜೊತೆ ಹೋಗುತ್ತದೆ. ಗಾಡಿ ನಿಂತಿರಲಿ, ಏರು ಹತ್ತುತ್ತಿರಲಿ, 2,000 ಆರ್‌ಪಿಎಂನಲ್ಲಿ ಅದು ಹೆಚ್ಚುಕಡಿಮೆ ಒಂದೇ ಥರ ಕೇಳುತ್ತದೆ. ನಿಮ್ಮದು ಲೋಡ್ ಬಿದ್ದಾಗ ಮಾತ್ರ ಬರುತ್ತಿದೆ. ಲೋಡ್ ಬಿದ್ದಾಗ ಸಿಲಿಂಡರ್ ಒಳಗಿನ ಒತ್ತಡ 100 ಬಾರ್ ದಾಟುತ್ತದೆ. ಎಲ್ಲೋ ಸಂದಿಯಿದ್ದರೆ ಗ್ಯಾಸ್ ಪ್ರತಿ ಉರಿತಕ್ಕೂ ಅಲ್ಲಿಂದ ಚಿಮ್ಮುತ್ತದೆ, ಅದೇ ‘ಟಕ್’. ಹೊಗೆಯ ವಾಸನೆಯೂ ಅದನ್ನೇ ಹೇಳುತ್ತಿದೆ. ಹಾಗಾಗಿ ಅನುಮಾನ ಎರಡೇ ಕಡೆ: ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ನ ಬುಡದ ತಾಮ್ರದ ವಾಷರ್, ಇಲ್ಲವೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಪೈಪು) ಪ್ಯಾಕಿಂಗ್.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದು ಟಾರ್ಚ್ ಹಿಡಿದು ನೋಡಿ. ಇಂಜೆಕ್ಟರ್ ಸುತ್ತ ಡಾಂಬರಿನಂಥ ಕಪ್ಪು ಕಟ್ಟಿದ್ದರೆ ವಾಷರ್ ಸೋರುತ್ತಿದೆ ಎಂದೇ ಲೆಕ್ಕ. ಅನುಮಾನ ಉಳಿದರೆ ಸೋಪು ನೀರನ್ನು ಬುಡಕ್ಕೆ ಸ್ವಲ್ಪ ಹಾಕಿ ಸ್ಟಾರ್ಟ್ ಮಾಡಿಸಿ, ಸೋರುವ ಕಡೆ ಗುಳ್ಳೆ ಏಳುತ್ತದೆ. ವಿದ್ಯುತ್ ಕನೆಕ್ಟರ್ ಮೇಲೆ ನೀರು ಬೀಳದಿರಲಿ. ಮ್ಯಾನಿಫೋಲ್ಡ್ ಆದರೆ ಅದು ಹೆಡ್‌ಗೆ (ಎಂಜಿನ್‌ನ ಮೇಲ್ಭಾಗ) ಕೂರುವ ಅಂಚಿನಲ್ಲಿ ಮಸಿಯ ಗೆರೆ ಕಾಣುತ್ತದೆ. ಅದರ ಸದ್ದು ತಣ್ಣಗಿರುವಾಗ ಜೋರು, ಲೋಹ ಕಾದು ಹಿಗ್ಗಿದ ಮೇಲೆ ಎಷ್ಟೋ ಸಲ ತಗ್ಗುತ್ತದೆ. ಕಣ್ಣಿಗೆ ಕಾಣದಿದ್ದರೆ ಒಂದು ಮೀಟರ್ ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ಮ್ಯಾನಿಫೋಲ್ಡ್ ಉದ್ದಕ್ಕೂ ಆಡಿಸಿ. ಬೆಲ್ಟ್, ಫ್ಯಾನಿನಿಂದ ಕೈ, ಬಟ್ಟೆ, ಪೈಪು ಎಲ್ಲವೂ ದೂರವಿರಲಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಯಾವ ಸಿಲಿಂಡರ್ ಎಂದು ತಿಳಿಯಲು ಹಳೆಯ ಗಾಡಿಗಳಲ್ಲಿ ನಾಝಲ್ (ಇಂಜೆಕ್ಟರ್) ಪೈಪಿನ ನಟ್ ಸಡಿಲಿಸುವ ಪದ್ಧತಿ ಇತ್ತು. ಕಾಮನ್‌ರೈಲಿನಲ್ಲಿ ಅದನ್ನು ಮಾಡಲೇಬಾರದು. ಆ ಪೈಪಿನಲ್ಲಿ ಒತ್ತಡ 1,000 ಬಾರ್ ಮೀರಬಲ್ಲದು, ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಮಾಂಸದೊಳಗೆ ಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಚುಕ್ಕೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ಸಿಲಿಂಡರ್ ಪತ್ತೆಗೆ ಸ್ಕ್ಯಾನರ್ ಹಾಕಿಸಿ, ಒಂದೊಂದೇ ಸಿಲಿಂಡರಿಗೆ ಡೀಸೆಲ್ ಕಟ್ ಮಾಡಿ ನೋಡಬಹುದು.

ವಾಷರ್ ಅಗ್ಗದ ಸಾಮಾನು. ಕೆಲಸ ಕೆಡುವುದು ಅದನ್ನು ಕೂರಿಸುವಲ್ಲಿ. ಇಂಜೆಕ್ಟರ್ ಹೊರತೆಗೆದಾಗ ಹಳೆಯ ವಾಷರ್ ಎಷ್ಟೋ ಸಲ ಸೀಟಿನಲ್ಲೇ ಅಂಟಿಕೊಂಡಿರುತ್ತದೆ. ನೋಡದೆ ಮೇಲೊಂದು ಹೊಸದನ್ನು ಹಾಕಿದರೆ ಇಂಜೆಕ್ಟರ್ ಮೇಲೇರಿ ಕೂರುತ್ತದೆ, ಡೀಸೆಲ್ ಬೀಳುವ ಜಾಗ ತಪ್ಪುತ್ತದೆ, ಹೊಗೆ ಶುರುವಾಗುತ್ತದೆ. ಸೀಟನ್ನು ಕೈಯಿಂದ ತಿರುಗಿಸುವ ಕಟ್ಟರ್‌ನಲ್ಲಿ ಹದವಾಗಿ ಶುಚಿ ಮಾಡಿಸಿ, ಚೂರುಗಳನ್ನು ವ್ಯಾಕ್ಯೂಮ್‌ನಿಂದ ಎಳೆಸಿ. ಕಂಪನಿ ಹೇಳಿದ ದಪ್ಪದ್ದೇ ವಾಷರ್, ಇಂಜೆಕ್ಟರ್ ಒತ್ತಿ ಹಿಡಿಯುವ ಕ್ಲ್ಯಾಂಪಿಗೆ ಹೊಸ ಬೋಲ್ಟ್, ಬಿಗಿತ ಅಳತೆ ತೋರುವ ಟಾರ್ಕ್ ರಿಂಚಿನಲ್ಲಿ. ನಾಲ್ಕರಲ್ಲಿ ಒಂದು ಸೋರಿದ್ದರೂ ಈ ವಯಸ್ಸಿನ ಗಾಡಿಗೆ ನಾಲ್ಕನ್ನೂ ಬದಲಿಸುವುದು ಒಳ್ಳೆಯದು. ಇಂಜೆಕ್ಟರ್‌ಗಳು ತಮ್ಮ ತಮ್ಮ ಸಿಲಿಂಡರಿಗೇ ಮರಳಲಿ. ಮುಂದೂಡಬೇಡಿ: ಆ ಕಪ್ಪು ಗಟ್ಟಿಯಾದಷ್ಟೂ ಇಂಜೆಕ್ಟರ್ ಕಚ್ಚಿಕೊಳ್ಳುತ್ತದೆ, ಆಮೇಲೆ ಹೆಡ್ ಇಳಿಸಬೇಕಾಗಿ ಬರಬಹುದು.

ಮ್ಯಾನಿಫೋಲ್ಡ್ ಆಗಿದ್ದರೆ ಮೊದಲು ಎರಡೂ ಕೊನೆಯ ಸ್ಟಡ್ (ಅದನ್ನು ಹೆಡ್‌ಗೆ ಹಿಡಿದಿಡುವ ಬೋಲ್ಟ್) ನೋಡಿ. ಕಾದು ತಣಿದು ಮ್ಯಾನಿಫೋಲ್ಡ್ ಬಾಗಿದಾಗ ಮುರಿಯುವುದು ಸಾಮಾನ್ಯವಾಗಿ ಅವೇ. ಮುಖ ಸಮತಟ್ಟಾಗಿದೆಯೇ ಎಂದು ನೇರವಾದ ಲೋಹದ ಪಟ್ಟಿ ಇಟ್ಟು ಪರೀಕ್ಷಿಸದೆ ಹೊಸ ಪ್ಯಾಕಿಂಗ್ ಹಾಕಿದರೆ ಕೆಲವೇ ದಿನಗಳಲ್ಲಿ ಮತ್ತೆ ಸೋರುತ್ತದೆ. ನಟ್‌ಗಳನ್ನು ನಡುವಿನಿಂದ ಶುರುಮಾಡಿ ಹೊರಗಿನತ್ತ ಬಿಗಿಯಬೇಕು. ಗ್ಯಾಸ್ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ನೂಕುವ ಭಾಗ) ತಲುಪುವ ಮೊದಲೇ ಸೋರಿದರೆ ಪಿಕಪ್ಪೂ ಕುಗ್ಗುತ್ತದೆ. ಎರಡೂ ಕಡೆ ಸೋರಿಕೆ ಸಿಗದಿದ್ದರೆ ಮಾತ್ರ ಆಯಿಲ್ ಪ್ರೆಷರ್, ಟ್ಯಾಪೆಟ್ ಕಡೆ ಹೋಗಿ. ಅಲ್ಲಿಯವರೆಗೆ ಎ.ಸಿ.ಯನ್ನು ಒಳಗಾಳಿಗೆ ಇಟ್ಟು ಓಡಿಸಿ, ಹೊಗೆ ವಾಸನೆ ಬಂದರೆ ಕಿಟಕಿ ಇಳಿಸಿ.

ಪ್ರಶ್ನೆ: ಎಂಜಿನ್ ಸದ್ದು ಅಡಗಲು 5ಡಬ್ಲ್ಯು-30 ಬದಲು ಅದಕ್ಕಿಂತ ದಪ್ಪನೆಯ 20ಡಬ್ಲ್ಯು-50 ಆಯಿಲ್ ಹಾಕಿಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ಬೇಡ. ದಪ್ಪ ಆಯಿಲ್ ಸದ್ದನ್ನು ಕೆಲ ದಿನ ಮುಚ್ಚುತ್ತದೆ, ಸವೆತವನ್ನಲ್ಲ. ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ಕೆಲಸ ಮಾಡುವ) ಟ್ಯಾಪೆಟ್ ಇರುವ ಎಂಜಿನ್‌ನಲ್ಲಿ ತಣ್ಣನೆ ಸ್ಟಾರ್ಟಿನಲ್ಲಿ ಟ್ಯಾಪೆಟ್‌ಗೆ ಆಯಿಲ್ ತುಂಬಲು ಇನ್ನಷ್ಟು ತಡವಾಗಿ ಸದ್ದು ಹೆಚ್ಚಬಹುದು. ಮೊದಲು ಸಮತಟ್ಟು ಜಾಗದಲ್ಲಿ ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮಟ್ಟ ಸರಿಯಿದ್ದೂ ಸದ್ದು ಇದ್ದರೆ ಆಯಿಲ್ ಪ್ರೆಷರ್ ಸೆನ್ಸರ್ ಜಾಗಕ್ಕೆ ಮೀಟರ್ ಹಾಕಿಸಿ ಪ್ರೆಷರ್ ಅಳೆಸಿ. ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನಂಬಿ ಕೂರಬೇಡಿ, ಅದು ಪ್ರೆಷರ್ ತೀರಾ ಕುಸಿದ ಮೇಲಷ್ಟೇ ಹೊತ್ತಿಕೊಳ್ಳುತ್ತದೆ. ಎಂಜಿನ್ ಕೆಳಭಾಗದಿಂದ ಭಾರವಾದ ‘ಧಡ್ ಧಡ್’ ಬಂದರೆ ಅದು ಬೇರಿಂಗ್ ಇರಬಹುದು. ಆಗ ಅಲ್ಲೇ ಎಂಜಿನ್ ಆಫ್ ಮಾಡಿ, ಗಾಡಿಯನ್ನು ಟೋ ಮಾಡಿಸಿ.