ಮೊದಲ ಮದುವೆ ಕೆಲಸಕ್ಕೆ ಭಯ ಆಗ್ತಿದೆ, ಹಳೆಯ ಫೋಟೋಗ್ರಾಫರ್‌ಗಳಿಗೂ ಆಗುತ್ತಾ?

ನಿಮ್ಮ ಪ್ರಶ್ನೆ ಓದಿ ಎರಡು ದಿನ ಆಯಿತು. ಮುಂದಿನ ತಿಂಗಳು ಹೊನ್ನಾವರದ ಕಡೆ ನಿಮ್ಮ ಮೊದಲ ಮದುವೆ ಕೆಲಸ, ಈಗಿಂದಲೇ ನಿದ್ದೆ ಬರುತ್ತಿಲ್ಲ, ಎಷ್ಟೋ ವರ್ಷದಿಂದ ಮಾಡುತ್ತಿರುವವರಿಗೂ ಭಯ ಆಗುತ್ತಾ, ಆಗುವುದಾದರೆ ಯಾವುದಕ್ಕೆ ಅಂತ ಕೇಳಿದ್ದೀರಿ. ನಾನು ಶಿರಸಿಯವನು. ಹದಿನಾರು ವರ್ಷದಿಂದ ಇದೇ ಕೆಲಸ. ಚಿಕ್ಕ ಸ್ಟುಡಿಯೋ ಇದೆ, ಪಾಸ್‌ಪೋರ್ಟ್ ಫೋಟೋದಿಂದ ಹಿಡಿದು ಮದುವೆ ತನಕ ಎಲ್ಲ ಮಾಡುತ್ತೇನೆ. ಭಯ ಆಗುತ್ತದೆ. ಈಗಲೂ ಆಗುತ್ತದೆ. ಆದರೆ ಶುರುವಿನಲ್ಲಿ ಇದ್ದ ಭಯವೇ ಬೇರೆ, ಈಗಿನದೇ ಬೇರೆ.

ಮೊದಲ ವರ್ಷಗಳಲ್ಲಿ ಫೋಟೋ ಚೆನ್ನಾಗಿ ಬರುತ್ತದೋ ಇಲ್ಲವೋ ಎಂಬುದೇ ಚಿಂತೆ. ಹಳ್ಳಿ ಮದುವೆಯಲ್ಲಿ ಹೋಮದ ಹೊಗೆ ಚಪ್ಪರದ ತುಂಬ ನಿಂತಿರುತ್ತದೆ. ಕೆಂಪು ಶಾಮಿಯಾನ ಹಾಕಿದ್ದರೆ ಮದುಮಗಳ ಮುಖ, ಭಟ್ಟರ ಬಿಳಿ ಪಂಚೆ ಎಲ್ಲವೂ ಕೆಂಪು. ಸರಿಯಾಗಿ ಧಾರೆಯ ಹೊತ್ತಿಗೇ ಯಾರಾದರೂ ಸೋದರಮಾವ ಬಂದು ಎದುರು ನಿಲ್ಲುತ್ತಾರೆ. ಇವೆಲ್ಲ ಹತ್ತು ಮದುವೆ ಮುಗಿಯುವಷ್ಟರಲ್ಲಿ ಕೈಗೆ ಬರುತ್ತವೆ. ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ಕಂಡದ್ದನ್ನು ಹಾಗೇ ಉಳಿಸುವ ಫೈಲ್‌ನಲ್ಲಿ ತೆಗೆಯಿರಿ, ಬಣ್ಣ ಆಮೇಲೆ ಸರಿ ಮಾಡಿಕೊಳ್ಳಬಹುದು. ಬೆಳಿಗ್ಗೆಯೇ ಭಟ್ಟರ ಹತ್ತಿರ ಹೋಗಿ, ಧಾರೆ ಎಷ್ಟು ಗಂಟೆಗೆ, ಯಾರು ಯಾವ ಕಡೆ ಕೂರುತ್ತಾರೆ ಅಂತ ಕೇಳಿಕೊಳ್ಳಿ. ಅವರ ಹತ್ತಿರ ಮರ್ಯಾದೆಯಿಂದ ಮಾತಾಡಿದರೆ ಸಾಕು, "ಸ್ವಲ್ಪ ಸರೀರಿ, ಫೋಟೋದವರಿಗೆ ಕಾಣಲಿ" ಅಂತ ಅವರೇ ಜನರಿಗೆ ಹೇಳುತ್ತಾರೆ.

ನಮ್ಮ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2022ರಲ್ಲಿ ರಥ ಜಾತ್ರೆ ನಡೆಯುವ ಬಿಡಕಿಬೈಲಿಗೆ ಬರುವ ಹೊತ್ತಿನ ಫೋಟೋ ನನಗೆ ಸಿಗಲಿಲ್ಲ. ಜನರ ನೂಕಿನಲ್ಲಿ ಕೈ ಎತ್ತಲಿಕ್ಕೇ ಆಗಲಿಲ್ಲ. 2024ರಲ್ಲಿ ಬೆಳಿಗ್ಗೆಯೇ ಹೋಗಿ ಒಂದು ಮಹಡಿ ಮೇಲೆ ಜಾಗ ಹಿಡಿದು ಕೂತೆ, ಸಿಕ್ಕಿತು. ದೇವಿ ಮತ್ತೆ ಬರುತ್ತಾಳೆ. ಒಂದು ಮನೆಯ ಧಾರೆ ಮತ್ತೆ ಬರುವುದಿಲ್ಲ ಅಲ್ವಾ? ಅದು ನನಗೆ ಅರ್ಥವಾದದ್ದು 2014ರಲ್ಲಿ.

ಮೇ ತಿಂಗಳು. ಸಿದ್ದಾಪುರದ ಕಡೆ ಒಂದು ಹಳ್ಳಿ ಮನೆ. ಅಂಗಳದಲ್ಲೇ ಮದುವೆ. ನನ್ನ ಕ್ಯಾಮೆರಾದಲ್ಲಿ ಆಗ ಒಂದೇ ಕಾರ್ಡ್ ಹಾಕಲು ಜಾಗ ಇತ್ತು. ಧಾರೆ ಮುಗಿಯಿತು, ಸಪ್ತಪದಿ ನಡೆಯುತ್ತಿತ್ತು. ಪರದೆ ಮೇಲೆ ಕಾರ್ಡ್ ಎರರ್ ಅಂತ ಬಂತು. ತೆಗೆದು ಮತ್ತೆ ಹಾಕಿದೆ. ಮತ್ತೆ ಅದೇ. ಫಾರ್ಮ್ಯಾಟ್ ಮಾಡಿ ಅಂತ ತೋರಿಸಿತು. ಬೆರಳು ಬಟನ್ ಮೇಲೇ ಇತ್ತು. ಯಾಕೋ ಒತ್ತಲಿಲ್ಲ. ಕಾರ್ಡನ್ನು ಅಂಗಿ ಕಿಸೆಗೆ ಹಾಕಿ, ಬೇರೆ ಕಾರ್ಡ್ ಹಾಕಿಕೊಂಡು ಕೆಲಸ ಮುಗಿಸಿದೆ. ಊಟ ಗಂಟಲಲ್ಲಿ ಇಳಿಯಲಿಲ್ಲ.

ರಾತ್ರಿ ರಿಕವರಿ ಸಾಫ್ಟ್‌ವೇರ್ ಹಾಕಿ ಕೂತೆ. ಬೆಳಗಾಗುವಷ್ಟರಲ್ಲಿ ಮುಕ್ಕಾಲು ಪಾಲು ಫೋಟೋ ವಾಪಸ್ ಬಂತು. ಧಾರೆಯದ್ದು ಮಾತ್ರ ಸರಿಯಾಗಿ ಬರಲಿಲ್ಲ. ಬಂದ ನಾಲ್ಕೈದರಲ್ಲಿ ಮೇಲಿನ ಅರ್ಧ ಚಿತ್ರ, ಕೆಳಗಿನ ಅರ್ಧ ಬೂದು ಬಣ್ಣ. ಮಗಳ ಕೈ ಮೇಲೆ ನೀರು ಬಿಡುವಾಗ ಆ ಅಪ್ಪ ಅಮ್ಮನ ಮುಖ ಹೇಗಿತ್ತು ಅಂತ ನನಗೆ ಈಗಲೂ ನೆನಪಿದೆ. ಆದರೆ ಆ ಮನೆಯ ಆಲ್ಬಮ್‌ನಲ್ಲಿ ಅದು ಇಲ್ಲ. ಮೂರನೇ ದಿನ ಅವರ ಮನೆಗೇ ಹೋಗಿ ಹೇಳಿದೆ. ಮದುಮಗಳ ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ "ಇರ್ಲಿ ಬಿಡಿ, ಊಟ ಮಾಡ್ಕೊಂಡು ಹೋಗಿ" ಅಂದರು. ಬೈದಿದ್ದರೆ ಸಮಾಧಾನ ಆಗುತ್ತಿತ್ತು.

ಆ ದಿನ ಫಾರ್ಮ್ಯಾಟ್ ಒತ್ತದೇ ಇದ್ದದ್ದು, ಅದೇ ಕಾರ್ಡ್‌ನಲ್ಲಿ ಮುಂದುವರಿಸದೇ ಇದ್ದದ್ದು ಒಳ್ಳೆಯದಾಯಿತು. ಕಾರ್ಡ್ ಕೆಟ್ಟಾಗ ಸಾಮಾನ್ಯವಾಗಿ ಹಾಳಾಗುವುದು ಯಾವ ಫೋಟೋ ಎಲ್ಲಿದೆ ಅಂತ ಬರೆದಿಟ್ಟ ಪಟ್ಟಿ. ಫೋಟೋಗಳು ಒಳಗೇ ಇರುತ್ತವೆ. ಅದರ ಮೇಲೆ ಹೊಸದು ಬರೆದರೆ ಮಾತ್ರ ಹಳೆಯದು ಪೂರ್ತಿ ಹೋಗುತ್ತದೆ. ಹಾಗಾಗಿ ಎರರ್ ಬಂದ ತಕ್ಷಣ ಆ ಕಾರ್ಡ್ ಹೊರಗೆ ತೆಗೆದಿಡಿ. ಕೆಂಪು ದೀಪ ಮಿನುಗುತ್ತಿರುವಾಗ ಮಾತ್ರ ಯಾವತ್ತೂ ಎಳೆಯಬೇಡಿ. ನಿಮ್ಮ ಕ್ಯಾಮೆರಾದಲ್ಲಿ ಎರಡು ಕಾರ್ಡ್‌ಗೆ ಜಾಗ ಇಲ್ಲದಿದ್ದರೆ, ಮೊದಲ ಮದುವೆಗೆ ಇರುವಂಥದ್ದನ್ನು ಬಾಡಿಗೆಗೆ ತನ್ನಿ. ಎರಡೂ ಕಾರ್ಡ್‌ಗೆ ಒಂದೇ ಫೋಟೋ ಹೋಗುವ ಹಾಗೆ ಸೆಟ್ ಮಾಡಿ. ಮನೆಗೆ ಬಂದ ಮೇಲೆ ಎಷ್ಟೇ ಸುಸ್ತಾಗಿರಲಿ, ಎರಡು ಹಾರ್ಡ್ ಡಿಸ್ಕ್‌ಗೆ ಹಾಕಿಯೇ ಮಲಗಿ. ನನ್ನ ಒಂದು ಹಾರ್ಡ್ ಡಿಸ್ಕ್ ಸ್ಟುಡಿಯೋದಲ್ಲಿ ಇರುತ್ತದೆ, ಇನ್ನೊಂದು ಭಾವನ ಮನೆಯಲ್ಲಿ.

ನೀವು ಕರಾವಳಿಯವರು, ಹಾಗಾಗಿ ಮಳೆಯ ವಿಷಯ ಹೇಳಲೇಬೇಕು. ಬೇರೆ ಊರಿನ ಫೋಟೋಗ್ರಾಫರ್‌ಗಳಿಗೆ ಈ ಚಿಂತೆ ಇಷ್ಟು ಇರಲಿಕ್ಕಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆ ಒಣಗುವುದಿಲ್ಲ, ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಒಂದು ಮಳೆಗಾಲ ಕೆಲಸ ಇಲ್ಲ ಅಂತ ಒಳ್ಳೆಯ ಲೆನ್ಸೊಂದನ್ನು ಬ್ಯಾಗಿನಲ್ಲೇ ಬಿಟ್ಟಿದ್ದೆ. ಚೌತಿಗೆ ತೆಗೆದು ನೋಡಿದರೆ ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಫಂಗಸ್. ಹುಬ್ಬಳ್ಳಿಗೆ ಒಯ್ದು ಬಿಚ್ಚಿಸಿ ಒರೆಸಿಸಿದೆ. ಆದರೆ ಗಾಜಿನ ಮೇಲಿನ ಲೇಪವನ್ನೇ ಅದು ತಿಂದಿತ್ತು. ಬೆಳಕಿಗೆ ಎದುರಾಗಿ ತೆಗೆದರೆ ಈಗಲೂ ಫೋಟೋ ಮಸುಕು. ಡ್ರೈ ಕ್ಯಾಬಿನೆಟ್ ತಗೊಳ್ಳಿ, ತೇವಾಂಶ ಶೇಕಡ 40ರಿಂದ 50ರ ಒಳಗೆ ಇರಲಿ. ದುಡ್ಡು ಇಲ್ಲದಿದ್ದರೆ ಗಾಳಿ ಹೋಗದ ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮೀಟರ್ ಸಾಕು. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರು ಹೀರಿ ಮುಗಿಯಿತು ಅಂತ ಅರ್ಥ, ಬಿಸಿ ಮಾಡಿ ಒಣಗಿಸಿಕೊಳ್ಳಬೇಕು. ಅಕ್ಕಿ ಡಬ್ಬದಲ್ಲಿ ಇಡಿ ಅಂತ ಹೇಳುವವರು ಇದ್ದಾರೆ. ಬೇಡ, ಹಿಟ್ಟಿನ ಧೂಳು ಒಳಗೆ ಹೋಗುತ್ತದೆ. ಮತ್ತೆ, ಎಸಿ ಹಾಕಿದ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರಗೆ ತೆಗೆಯಬೇಡಿ. ಕರಾವಳಿಯ ಗಾಳಿ ತಾಗಿ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಅರ್ಧ ಗಂಟೆ ಮುಚ್ಚಿದ ಬ್ಯಾಗಿನಲ್ಲೇ ಇರಲಿ. ಕಡಲ ತೀರದಲ್ಲಿ ಲೆನ್ಸ್ ಬದಲಿಸಬೇಡಿ. ಉಪ್ಪಿನ ಗಾಳಿ ಒಳಗೆ ಹೋದರೆ ಅದು ಸುಮ್ನೆ ಇರುವುದಿಲ್ಲ.

ಇದಕ್ಕಿಂತ ದೊಡ್ಡ ಭಯ ಪ್ರೀ ವೆಡ್ಡಿಂಗ್‌ನದ್ದು. ಹುಡುಗ ಹುಡುಗಿ ಇಬ್ಬರಿಗೂ ಜಲಪಾತವೇ ಬೇಕು. ಉಂಚಳ್ಳಿ, ಮಾಗೋಡು, ಸಾತೊಡ್ಡಿ, ಇಲ್ಲದಿದ್ದರೆ ಗೋಕರ್ಣದ ಬಂಡೆ. ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಕೆಳಗೆ ಬೀಳುತ್ತದೆ. ಪಾಚಿ ಕಟ್ಟಿದ ಕಲ್ಲು ಎಂಥವರನ್ನೂ ಬೀಳಿಸುತ್ತದೆ. ಮೇಲೆ ಎಲ್ಲೋ ಮಳೆ ಬಂದರೆ ಇಲ್ಲಿ ಬಿಸಿಲಿದ್ದರೂ ಹೊಳೆಯಲ್ಲಿ ನೀರು ಏರುತ್ತದೆ. ನಾನು ಕ್ಯಾಮೆರಾದೊಳಗೆ ನೋಡುತ್ತಾ "ಇನ್ನೊಂದು ಹೆಜ್ಜೆ ಹಿಂದೆ" ಅಂದರೆ ಅವರು ನನ್ನನ್ನು ನಂಬಿ ಹಿಂದೆ ಹೋಗುತ್ತಾರೆ. ಒಮ್ಮೆ ಹಾಗೆ ಹೇಳಿ, ಕಣ್ಣು ತೆಗೆದು ನೋಡಿದೆ. ಹುಡುಗಿಯ ಹಿಮ್ಮಡಿ ಕಲ್ಲಿನ ಅಂಚಿನಲ್ಲಿತ್ತು. ಆಮೇಲೆ ನಾನು ಆ ಮಾತನ್ನು ಯಾರಿಗೂ ಹೇಳಿಲ್ಲ. ಮಳೆಗಾಲದಲ್ಲಿ ಬಂಡೆ ಮೇಲೆ ಫೋಟೋ ತೆಗೆಯುವುದಿಲ್ಲ ಅಂತ ನೇರವಾಗಿ ಹೇಳುತ್ತೇನೆ. ಕೆಲಸ ಹೋದರೂ ಸರಿ. ಕಾರವಾರದಲ್ಲಿ ಡ್ರೋನ್ ಹಾರಿಸಿ ಅನ್ನುವವರಿಗೂ ಇದೇ ಉತ್ತರ. ಅಲ್ಲಿ ನೌಕಾನೆಲೆ ಇದೆ, ಅನುಮತಿ ಇಲ್ಲದೆ ಹಾರಿಸುವ ಜಾಗ ಅಲ್ಲ. ಮದುವೆಯಂಥ ದುಡ್ಡಿನ ಕೆಲಸಕ್ಕೆ 250 ಗ್ರಾಂ ಮೀರಿದ ಡ್ರೋನ್ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಕೂಡ ಬೇಕು.

ಇನ್ನೊಂದು ವಿಷಯ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದು ಗಂಗಾವಳಿ ನದಿಗೆ ಹೋಯಿತು. ಪರಿಚಯದವರೊಬ್ಬರು ಫೋಟೋ ಬೇಕು ಅಂದರು, ಹೋದೆ. ದೂರದಲ್ಲೇ ತಡೆದಿದ್ದರು. ರಸ್ತೆ ಪಕ್ಕ ಒಬ್ಬರು ಹೆಂಗಸು ಮಳೆಯಲ್ಲೇ ಕೂತಿದ್ದರು. ಯಾರಿಗಾಗಿ ಕಾಯುತ್ತಿದ್ದರೋ. ನಾನು ಕ್ಯಾಮೆರಾ ಎತ್ತಿದೆ, ಅವರು ನನ್ನ ಕಡೆ ನೋಡಿದರು. ಇಳಿಸಿದೆ. ಸುದ್ದಿ ಫೋಟೋ ತೆಗೆಯುವವರನ್ನು ನಾನು ದೂರುವುದಿಲ್ಲ. ಗುಡ್ಡದ ಜೊತೆ ನದಿಗೆ ಬಿದ್ದಿದ್ದ ಲಾರಿಯೊಂದನ್ನು ಮೇಲೆತ್ತಿದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟು ದಿನ ಜನ ಮರೆಯದೇ ಇದ್ದದ್ದಕ್ಕೆ ಆ ಫೋಟೋಗಳೂ ಕಾರಣ. ಆದರೆ ನನ್ನ ಕೈಯಿಂದ ಅದು ಆಗಲಿಲ್ಲ. ಕ್ಯಾಮೆರಾ ಎತ್ತುವ ಮುಂಚೆ ಎದುರಿಗಿದ್ದವರ ಕಣ್ಣು ನೋಡುವ ಅಭ್ಯಾಸ ಆವತ್ತಿನಿಂದ ಜಾಸ್ತಿ ಆಯಿತು.

ದುಡ್ಡಿನ ಚಿಂತೆ ಇದ್ದೇ ಇದೆ. ಆಷಾಢ ಬಂದರೆ ಮದುವೆ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಸೀಸನ್ನಿನಲ್ಲಿ ಬಂದದ್ದರಲ್ಲಿ ನಾಲ್ಕು ತಿಂಗಳ ಖರ್ಚು ತೆಗೆದಿಡಿ, ಅಷ್ಟೇ.

ಈಗ ನನ್ನ ದೊಡ್ಡ ಭಯಕ್ಕೆ ಬರುತ್ತೇನೆ. ಊರಲ್ಲಿ ಸ್ಟುಡಿಯೋ ಇಟ್ಟವರಿಗೆಲ್ಲ ಒಂದು ಫೋನ್ ಬರುತ್ತದೆ. ಹೆಚ್ಚಾಗಿ ಬೆಳಗಿನ ಜಾವ. "ಅಣ್ಣಾ, ನಮ್ಮ ಆಯಿ ಹೋಗ್ಬಿಟ್ರು. ತಂಗಿ ಮದುವೆಲಿ ನೀವು ತೆಗೆದ ಫೋಟೋದಲ್ಲಿ ಎಲ್ಲಾದ್ರೂ ಇದ್ದಾರಾ ನೋಡ್ತೀರಾ?" ಪೇಪರಿಗೆ ಕೊಡಲಿಕ್ಕೆ ಬೇಕು, ಫ್ರೇಮ್ ಹಾಕಿಸಲಿಕ್ಕೆ ಬೇಕು. ನಾನು ಕಂಪ್ಯೂಟರ್ ಮುಂದೆ ಕೂತು ಎರಡು ಸಾವಿರ ಫೋಟೋ ನೋಡುತ್ತೇನೆ. ಆ ಅಮ್ಮ ಗ್ರೂಪ್ ಫೋಟೋದಲ್ಲಿ ಹಿಂದೆ ಇದ್ದಾರೆ, ಯಾರದೋ ಭುಜ ಅರ್ಧ ಮುಖ ಮುಚ್ಚಿದೆ. ಇನ್ನೊಂದರಲ್ಲಿ ಪಂಕ್ತಿಯಲ್ಲಿ ತಲೆ ತಗ್ಗಿಸಿ ಬಡಿಸುತ್ತಿದ್ದಾರೆ. ಮತ್ತೊಂದರಲ್ಲಿ ಬೆನ್ನು ಮಾತ್ರ. ಇಡೀ ಮದುವೆಗೆ ದುಡಿದದ್ದು ಅವರೇ, ಅದಕ್ಕೇ ಅವರ ಫೋಟೋ ಇಲ್ಲ. ಬೆಳಿಗ್ಗೆಯಿಂದ ಸಂಜೆ ತನಕ ಅವರು ನನ್ನ ಎದುರೇ ಓಡಾಡಿದ್ದರು. ನನಗೆ ಕಾಫಿ ಕೊಟ್ಟವರೂ ಅವರೇ ಇರಬೇಕು.

ಗ್ರೂಪ್‌ನಿಂದ ಕತ್ತರಿಸಿ, ದೊಡ್ಡದು ಮಾಡಿ, ಭುಜದ ಮೇಲಿನ ಬೇರೆಯವರ ಕೈ ಅಳಿಸಿ, ಹಿಂದೆ ನೀಲಿ ಬಣ್ಣ ಹಾಕಿ ಎಷ್ಟೋ ಫ್ರೇಮ್ ಮಾಡಿಕೊಟ್ಟಿದ್ದೇನೆ. ಚಿಕ್ಕ ಮುಖವನ್ನು ಅಷ್ಟು ಹಿಗ್ಗಿಸಿದರೆ ಮಸುಕಾಗುತ್ತದೆ. ಈಗ ಎಐ ಇದೆಯಲ್ಲ ಅನ್ನುತ್ತಾರೆ. ಒಬ್ಬರಿಗೆ ಹಾಗೂ ಮಾಡಿಕೊಟ್ಟೆ. ಚರ್ಮ, ಕಣ್ಣು, ಹಲ್ಲು ಎಲ್ಲ ನುಣುಪಾಗಿ ಬಂತು. ಮಗ ಬಹಳ ಹೊತ್ತು ನೋಡಿ "ಅಪ್ಪ ಹೀಗೆ ನಗ್ತಾ ಇರ್ಲಿಲ್ಲ" ಅಂದ. ಫೋಟೋದಲ್ಲಿ ಇಲ್ಲದ್ದನ್ನು ಅದು ತಾನೇ ಊಹಿಸಿ ತುಂಬುತ್ತದೆ. ಮಸುಕಾದ ಹಳೆಯದನ್ನೇ ವಾಪಸ್ ಪ್ರಿಂಟ್ ಹಾಕಿ ಕೊಟ್ಟೆ, ಅದನ್ನೇ ಗೋಡೆಗೆ ಹಾಕಿದ್ದಾರೆ.

ನನಗೆ ಈಗ ಮದುವೆಗೆ ಹೋಗುವಾಗ ಇರುವ ಭಯ ಇದೇ. ಯಾರನ್ನು ನೋಡದೇ ಬಿಟ್ಟು ಬರುತ್ತೇನೋ ಅಂತ. ಮದುಮಕ್ಕಳ ಫೋಟೋ ನೂರು ಫೋನಿನಲ್ಲಿ ಇರುತ್ತದೆ. ಅಡುಗೆಮನೆ ಬಾಗಿಲಲ್ಲಿ ನಿಂತ ಚಿಕ್ಕಮ್ಮನದ್ದು, ಜಗುಲಿ ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತ ಅಜ್ಜನದ್ದು ಇರುವುದಿಲ್ಲ.

ಹಾಗಾಗಿ ನಿಮ್ಮ ಹೊನ್ನಾವರದ ಮದುವೆಗೆ ಒಂದು ಕೆಲಸ ಹೇಳುತ್ತೇನೆ. ದುಡ್ಡು ಕೊಡುವವರು ಇದನ್ನು ಕೇಳುವುದಿಲ್ಲ, ಆದರೂ ಮಾಡಿ. ಹಿಂದಿನ ದಿನವೇ ಮನೆಯವರನ್ನು ಕೇಳಿ ಹಿರಿಯರು ಯಾರ್ಯಾರು ಬರುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ಧಾರೆ ಮುಗಿದ ಮೇಲೆ ಹದಿನೈದು ನಿಮಿಷ ಸಿಗುತ್ತದೆ. ಒಬ್ಬೊಬ್ಬರನ್ನೇ ಜಗುಲಿಗೆ ಕರೆಯಿರಿ, ಬೆಳಕು ಪಕ್ಕದಿಂದ ಬೀಳುವ ಕಡೆ ಕೂರಿಸಿ. "ನಂದೆಂತಕ್ಕೆ ತಮಾ, ಮದುಮಕ್ಕಳದ್ದು ತೆಗಿ" ಅನ್ನುತ್ತಾರೆ. ಅವಸರ ಮಾಡಬೇಡಿ, ಊರು ಯಾವುದು, ಮೊಮ್ಮಕ್ಕಳು ಎಷ್ಟು ಅಂತ ಮಾತಾಡಿಸಿ. ಸೆರಗು ಸರಿ ಮಾಡಿಕೊಂಡು ನಿಮ್ಮ ಕಡೆ ನೋಡುತ್ತಾರೆ. ಆಗ ತೆಗೆಯಿರಿ. ಊಟಕ್ಕೆ ಮುಂಚೆಯೇ ಮುಗಿಸಿ. ಊಟ ಆದ ಕೂಡಲೇ ಅವರು ಬಸ್ಸಿಗೆ ಹೊರಡುತ್ತಾರೆ.