2015ರ ಹೋಂಡಾ ಸಿಟಿ ಮಾರಿ ಹೊಸ ಮಾರುತಿ ಬ್ರೆಝಾ ತಗೋಬೇಕಾ?

ಮುಧೋಳದಿಂದ ಹೊಲಕ್ಕೂ ಓಡಾಡಬೇಕು ಅಂದಿದ್ದೀರಿ. ಹಂಗಿದ್ರೆ ಬ್ರೆಝಾನೇ ತಗೋರಿ. ನೆಲದಿಂದ ಸಿಟಿಯ ತಳದ ಎತ್ತರ 165 ಮಿ.ಮೀ., ಬ್ರೆಝಾದ್ದು 198. ಕಬ್ಬಿನ ಹಂಗಾಮಿನಲ್ಲಿ ಡಬಲ್ ಟ್ರೇಲರ್ ಟ್ರ್ಯಾಕ್ಟರ್ ತುಳಿದ ಎರೆಮಣ್ಣಿನ ದಾರಿ ಒಣಗಿದ ಮೇಲೆ ಕಲ್ಲಾಗಿಬಿಡುತ್ತೆ. ಗಾಲಿ ತಗ್ಗಿಗಿಳಿದರೆ ನಡುವಿನ ದಿಬ್ಬ ಸೀದಾ ಸಿಟಿಯ ಎಂಜಿನ್ ಕೆಳಗಿನ ಆಯಿಲ್ ಚೇಂಬರ್‌ಗೆ ಬಡಿಯುತ್ತೆ. ಅದು ಒಡೆದು ಆಯಿಲ್ ಸೋರಿ, ಗೊತ್ತಾಗದೆ ಓಡಿಸಿದರೆ ಎಂಜಿನ್ನೇ ಹೋಗುತ್ತೆ.

ನನಗಂತೂ ಇನ್ನೂ ದೊಡ್ಡ ಕಾರಣ ಬ್ರೆಝಾದ ಇಎಸ್‌ಪಿ. ಗಾಡಿ ಜಾರಿದಾಗ ಬೇಕಾದ ಗಾಲಿಗಷ್ಟೇ ಬ್ರೇಕ್ ಹಾಕಿ ದಾರಿಗೆ ತರುತ್ತೆ. ನಿಮ್ಮ ಸಿಟಿಯಲ್ಲಿ ಅದಿಲ್ಲ.

ಡಿಕ್ಕಿ ಮಾತ್ರ ಸಿಟಿಯದೇ ದೊಡ್ಡದು: 510 ಲೀಟರ್, ಬ್ರೆಝಾದ್ದು 328. ಹೈವೇಯಲ್ಲೂ ತಿರುವಿನಲ್ಲಿ ಸಿಟಿಯೇ ಕಡಿಮೆ ವಾಲುತ್ತೆ. ಬೆಳಗಾವಿ, ಹುಬ್ಬಳ್ಳಿ ಡಾಂಬರು ರಸ್ತೆಯಷ್ಟೇ ಆಗಿದ್ದರೆ ಟಯರ್, ಸಸ್ಪೆನ್ಷನ್ ಬುಷ್ ಹೊಸದು ಹಾಕಿಸಿ ಸಿಟಿಯನ್ನೇ ಇಟ್ಕೋರಿ ಅಂತಿದ್ದೆ.